ಸೋಲಾರ್ ಸಬ್ಸಿಡಿಯೋ, ಅಣು ವಿದ್ಯುತ್ತೋ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರದ ನೆರವು ಸೋಲಾರ್ ಕಡೆ ಹೋಗಬೇಕೋ, ಅಣು ವಿದ್ಯುತ್ತಿನ ಕಡೆ ಹೋಗಬೇಕೋ ಅನ್ನುವ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ವಾದಗಳ ನಡುವೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟು ಆಮೇಲೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಬಹುದು. ನನಗೂ ಒಂದು ಅಭಿಪ್ರಾಯ ಇದೆ, ಅದನ್ನು ಬಚ್ಚಿಟ್ಟಿಲ್ಲ.

## ಬುಡದಿಂದ ಶುರು

ಸೋಲಾರ್ ಸಬ್ಸಿಡಿ ಅಂತಾರಲ್ಲ, ಸರ್ಕಾರ ನಿಜಕ್ಕೂ ಏನು ಕೊಡುತ್ತೆ?

ಹಲವು ಬಗೆಯಲ್ಲಿ ಕೊಡುತ್ತದೆ. ಪ್ಯಾನೆಲ್ ಹಾಕಿಸುವಾಗ ಖರ್ಚಿನ ಒಂದು ಪಾಲನ್ನು ನೇರವಾಗಿ ಕೊಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಇನ್ನೊಂದು, ತೆರಿಗೆಯಲ್ಲಿ ಬಿಡುವುದು. ಅಮೆರಿಕದಲ್ಲಿ 2006ರಿಂದ ಬಹುಕಾಲ ಖರ್ಚಿನ 30% ಮೊತ್ತವನ್ನು ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಮೂರನೆಯದು ಜರ್ಮನಿ ಹಿಡಿದ ದಾರಿ: ಊರೂರಿಗೆ ವಿದ್ಯುತ್ ಸಾಗಿಸುವ ತಂತಿಜಾಲಕ್ಕೆ, ಅಂದರೆ ಗ್ರಿಡ್‌ಗೆ ಕೊಟ್ಟ ಪ್ರತಿ ಯೂನಿಟ್‌ಗೆ 20 ವರ್ಷ ಗೊತ್ತಾದ ದರ. ನೆಟ್ ಮೀಟರಿಂಗ್ ಕೂಡ ಒಂದು ಬಗೆಯ ಸಬ್ಸಿಡಿಯೇ. ಹಗಲು ನೀವು ಗ್ರಿಡ್‌ಗೆ ಬಿಟ್ಟ ಯೂನಿಟ್ಟನ್ನು ರಾತ್ರಿ ಬಳಸಿದ ಯೂನಿಟ್‌ನಿಂದ ಕಳೆಯುತ್ತಾರೆ, ಅಷ್ಟೇ.

ದೊಡ್ಡ ಸೋಲಾರ್ ಪಾರ್ಕುಗಳಿಗೆ ಈಗ ಹೆಚ್ಚಾಗಿ ಹರಾಜು ನಡೆಯುತ್ತದೆ. ಯಾರು ಕಡಿಮೆ ದರ ಕೂಗುತ್ತಾರೋ ಅವರಿಗೆ ಹಲವು ವರ್ಷಗಳ ಒಪ್ಪಂದ. ಇಲ್ಲಿ ಕೈಗೆ ದುಡ್ಡು ಸಿಗದೇ ಇರಬಹುದು. ಆದರೆ ದರದ ಭರವಸೆ ಸಿಗುತ್ತದೆ, ಅದನ್ನು ತೋರಿಸಿದರೆ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ.

ಅಣು ವಿದ್ಯುತ್ತಿಗೂ ಸಬ್ಸಿಡಿ ಇದೆಯಾ? ನಾನು ಕೇಳೇ ಇಲ್ಲ.

ಇದೆ, ಬೇಕಾದಷ್ಟಿದೆ. ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಸೋಲಾರ್‌ಗೆ ಸರ್ಕಾರ ದುಡ್ಡು ಕೊಡುತ್ತದೆ. ಅಣು ಸ್ಥಾವರಕ್ಕೆ ಸರ್ಕಾರ ಹೆಗಲು ಕೊಡುತ್ತದೆ, ಅಂದರೆ ಅಪಾಯವನ್ನು ತಾನು ಹೊರುತ್ತದೆ.

ಅಮೆರಿಕದ 1957ರ ಪ್ರೈಸ್-ಆಂಡರ್ಸನ್ ಕಾಯ್ದೆಯನ್ನೇ ನೋಡಿ. ಅಪಘಾತ ಆದರೆ ಕಂಪನಿಗಳು ಕೊಡಬೇಕಾದ ಪರಿಹಾರಕ್ಕೆ ಅದು ಒಂದು ಮಿತಿ ಹಾಕಿತು. ಈಗ ಎಲ್ಲಾ ರಿಯಾಕ್ಟರ್‌ಗಳ ವಿಮೆ ಮತ್ತು ವಂತಿಗೆ ಸೇರಿ ಆ ಮಿತಿ ಸುಮಾರು 16 ಬಿಲಿಯನ್ ಡಾಲರ್. ಅದನ್ನು ಮೀರಿದ ನಷ್ಟಕ್ಕೆ ಏನು ಮಾಡಬೇಕು ಅನ್ನುವುದು ಸಂಸತ್ತಿಗೆ ಬಿಟ್ಟದ್ದು. ಜಾರ್ಜಿಯಾ ರಾಜ್ಯದ ವೋಗ್ಟಲ್ ಸ್ಥಾವರದ ಎರಡು ಹೊಸ ರಿಯಾಕ್ಟರ್‌ಗಳಿಗೆ ಕೇಂದ್ರ ಸರ್ಕಾರ ಸುಮಾರು 12 ಬಿಲಿಯನ್ ಡಾಲರ್ ಸಾಲಕ್ಕೆ ಖಾತರಿ ನಿಂತಿತು. ಬ್ರಿಟನ್ನಿನ ಹಿಂಕ್ಲಿ ಪಾಯಿಂಟ್ ಸಿ ಸ್ಥಾವರಕ್ಕೆ ಪ್ರತಿ ಮೆಗಾವಾಟ್ ಗಂಟೆಗೆ (ಅಂದರೆ 1000 ಯೂನಿಟ್ಟಿಗೆ) 92.50 ಪೌಂಡ್ ದರ ಗೊತ್ತು ಮಾಡಿದ್ದಾರೆ. ಅದು 2012ರ ಬೆಲೆ ಮಟ್ಟದ್ದು, ಹಣದುಬ್ಬರದ ಜೊತೆ ಏರುತ್ತದೆ, 35 ವರ್ಷ ಉಳಿಯುತ್ತದೆ. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿದ್ದರೆ ಉಳಿದದ್ದನ್ನು ಗ್ರಾಹಕರು ತುಂಬಿಕೊಡಬೇಕು. ಮೇಲಿದ್ದರೆ ಕಂಪನಿ ವಾಪಸ್ ಕೊಡಬೇಕು.

ಇದರ ಜೊತೆಗೆ ಸಂಶೋಧನೆಗೆ ಹಾಕಿದ ದುಡ್ಡು, ಬಳಸಿದ ಇಂಧನವನ್ನು ಕೊನೆಗೆ ಯಾರು ಇಟ್ಟುಕೊಳ್ಳಬೇಕು ಅನ್ನುವ ಹೊಣೆ, ಎಲ್ಲವೂ ಸರ್ಕಾರದ್ದೇ. ಆದ್ದರಿಂದ "ಸೋಲಾರ್ ಸಬ್ಸಿಡಿ ಮೇಲೆ ನಿಂತಿದೆ, ಅಣು ಸ್ವಂತ ಕಾಲ ಮೇಲೆ ನಿಂತಿದೆ" ಅನ್ನುವ ವಾದ ನಿಲ್ಲುವುದಿಲ್ಲ.

1000 ಮೆಗಾವಾಟ್ ಸೋಲಾರ್, 1000 ಮೆಗಾವಾಟ್ ಅಣು, ಎರಡೂ ಒಂದೇ ಅಲ್ವಾ?

ಅಲ್ಲ. ಮೆಗಾವಾಟ್ ಅನ್ನುವುದು ಗಾಡಿಯ ಟಾಪ್ ಸ್ಪೀಡ್ ಇದ್ದಂತೆ. ವರ್ಷಕ್ಕೆ ಎಷ್ಟು ದೂರ ಓಡಿತು ಅನ್ನುವುದು ಬೇರೆ ಲೆಕ್ಕ.

ಚೆನ್ನಾಗಿ ನಡೆಯುವ ಅಣು ಸ್ಥಾವರ ವರ್ಷದಲ್ಲಿ ತನ್ನ ಸಾಮರ್ಥ್ಯದ 90% ಉತ್ಪಾದಿಸುತ್ತದೆ. 1000 ಮೆಗಾವಾಟ್‌ಗೆ ಅದು ಸುಮಾರು 790 ಕೋಟಿ ಯೂನಿಟ್. ಸೋಲಾರ್‌ಗೆ ರಾತ್ರಿ ಇದೆ, ಮೋಡ ಇದೆ. ಒಳ್ಳೆ ಬಿಸಿಲಿರುವ ಕಡೆ 20% ಹಿಡಿದರೂ 175 ಕೋಟಿ ಯೂನಿಟ್ ಆಗುತ್ತದೆ. ಜರ್ಮನಿಯಂಥ ಮೋಡದ ದೇಶದಲ್ಲಿ ಅದು 10% ಆಸುಪಾಸು. ಒಂದು ಅಣು ಸ್ಥಾವರದಷ್ಟು ಯೂನಿಟ್ ಬೇಕೆಂದರೆ ಒಳ್ಳೆ ಬಿಸಿಲಲ್ಲೂ ನಾಲ್ಕೂವರೆ ಪಟ್ಟು ಸೋಲಾರ್ ಹಾಕಬೇಕು. ಸುದ್ದಿಯಲ್ಲಿ ಬರೀ ಮೆಗಾವಾಟ್ ಹೋಲಿಸಿದ್ದರೆ ಅದನ್ನು ಅಲ್ಲೇ ಬಿಡಿ.

ಸದ್ಯಕ್ಕೆ ಜಗತ್ತಿನಲ್ಲಿ ಯಾವುದು ಮುಂದಿದೆ?

2024ರ ಲೆಕ್ಕದಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಅಣುವಿನ ಪಾಲು ಸುಮಾರು 9%, ಸೋಲಾರ್‌ನದ್ದು ಸುಮಾರು 7%. ಆದರೆ ಹೋಗುತ್ತಿರುವ ದಿಕ್ಕು ನೋಡಿ. ಅಣುವಿನ ಪಾಲು 1990ರ ದಶಕದ ನಡುವೆ 17% ಮುಟ್ಟಿ ಇಳಿಯಿತು. ಸೋಲಾರ್ 2010ರಲ್ಲಿ 1%ಕ್ಕಿಂತಲೂ ಎಷ್ಟೋ ಕೆಳಗಿತ್ತು.

## ದುಡ್ಡಿನ ಲೆಕ್ಕ

ಸೋಲಾರ್ ಅಗ್ಗ ಆಯ್ತು ಅಂತಾರೆ. ಮತ್ತೆ ಸಬ್ಸಿಡಿ ಯಾಕೆ ಬೇಕು?

ಪ್ಯಾನೆಲ್‌ಗೆ ಬೇಡ. ಇದು ನನ್ನ ನೇರ ಉತ್ತರ.

ಆದರೆ ಅಗ್ಗ ಆದದ್ದು ಹೇಗೆ ಅನ್ನುವುದನ್ನು ಮರೆಯಬಾರದು. ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಲ್ಯಾಬ್ಸ್ ತೋರಿಸಿದ್ದು 1954ರಲ್ಲಿ. ಬಿದ್ದ ಬೆಳಕಿನಲ್ಲಿ ಸುಮಾರು 6% ಮಾತ್ರ ವಿದ್ಯುತ್ ಆಗುತ್ತಿತ್ತು. ಬೆಲೆ ಎಷ್ಟು ಜಾಸ್ತಿ ಅಂದರೆ, ಅದು ಲೆಕ್ಕಕ್ಕೆ ಒಗ್ಗಿದ್ದು ಉಪಗ್ರಹಗಳಿಗೆ. 1958ರ ವ್ಯಾನ್‌ಗಾರ್ಡ್ 1 ಉಪಗ್ರಹದ ಮೇಲೆ ಅವು ಹಾರಿದವು. ಆಮೇಲೆ ಒಂದು ವಿಷಯ ಗೊತ್ತಾಯಿತು. ಜಗತ್ತಿನಲ್ಲಿ ಈವರೆಗೆ ತಯಾರಾದ ಪ್ಯಾನೆಲ್‌ಗಳ ಒಟ್ಟು ಮೊತ್ತ ಎರಡು ಪಟ್ಟಾದಾಗೆಲ್ಲ ಬೆಲೆ ಸುಮಾರು 20% ಇಳಿಯುತ್ತದೆ. ಹಾಗಾಗಿ ಯಾರಾದರೂ ಕೊಳ್ಳುತ್ತಲೇ ಇರಬೇಕಿತ್ತು, ಅದೂ ದುಬಾರಿ ಇರುವಾಗಲೇ. ಆ ಕೆಲಸವನ್ನು ಸಬ್ಸಿಡಿ ಮಾಡಿತು. 2010ರಿಂದ ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ ದೊಡ್ಡ ಸೋಲಾರ್ ಪಾರ್ಕುಗಳ ಯೂನಿಟ್ ವೆಚ್ಚ 90%ರ ಹತ್ತಿರ ಇಳಿಯಿತು.

ಆ ಕೆಲಸ ಮುಗಿದಿದೆ. ಈಗ ದುಡ್ಡು ಬೇಕಿರುವುದು ಪ್ಯಾನೆಲ್ ಸುತ್ತಲಿನದಕ್ಕೆ: ಬ್ಯಾಟರಿ, ದೂರದ ತಂತಿ ಮಾರ್ಗ, ಸಬ್‌ಸ್ಟೇಷನ್. ಪ್ಯಾನೆಲ್‌ಗೆ ಸಬ್ಸಿಡಿ ಕೊಡುತ್ತಾ ತಂತಿಗೆ ದುಡ್ಡಿಲ್ಲ ಅನ್ನುವ ಸರ್ಕಾರಗಳು ಕೈಯಾರೆ ತೊಂದರೆ ತಂದುಕೊಳ್ಳುತ್ತಿವೆ.

ಜರ್ಮನಿಯವರು ಸೋಲಾರ್‌ಗಾಗಿ ದುಬಾರಿ ಬಿಲ್ ಕಟ್ಟಿದರಂತೆ. ಅದು ದಂಡ ಆಗ್ಲಿಲ್ವಾ?

ಕಟ್ಟಿದ್ದು ನಿಜ. 2000ದ ಕಾನೂನು ಸೋಲಾರ್ ಯೂನಿಟ್‌ಗೆ ಸುಮಾರು 50 ಯೂರೋ ಸೆಂಟ್ ದರ ಕೊಟ್ಟಿತು, 20 ವರ್ಷಕ್ಕೆ. ಅದರ ಹೊರೆಯನ್ನು ಎಲ್ಲರ ಬಿಲ್ಲಿಗೆ ಸೇರಿಸಿದರು. ಆ ಸೇರ್ಪಡೆ 2017ರಲ್ಲಿ ಯೂನಿಟ್‌ಗೆ 6.88 ಸೆಂಟ್ ಮುಟ್ಟಿತು. ವಿದ್ಯುತ್ ಜಾಸ್ತಿ ನುಂಗುವ ದೊಡ್ಡ ಕಾರ್ಖಾನೆಗಳಿಗೆ ಅದರಲ್ಲಿ ಭಾರಿ ವಿನಾಯಿತಿ ಇತ್ತು, ಹಾಗಾಗಿ ಮನೆಯವರ ಮೇಲೆ ಭಾರ ಹೆಚ್ಚು ಬಿತ್ತು. 2022ರ ಜುಲೈನಲ್ಲಿ ಇದನ್ನು ಬಿಲ್ಲಿನಿಂದ ತೆಗೆದು ಸರ್ಕಾರದ ಖಜಾನೆಗೆ ಹಾಕಿದರು.

ದಂಡವೇ? ಜರ್ಮನಿಯ ಮನೆಗಳ ಲೆಕ್ಕದಲ್ಲಿ ನೋಡಿದರೆ ಹೌದು ಅನ್ನಿಸುತ್ತದೆ. ಬಿಸಿಲು ಕಡಿಮೆ ಇರುವ ದೇಶ, ಬೆಲೆ ಅತಿ ಹೆಚ್ಚಿದ್ದ ಕಾಲ. ಆದರೆ ಆ ದುಡ್ಡು ಚೀನಾದ ಕಾರ್ಖಾನೆಗಳನ್ನು ಬೆಳೆಸಿತು, ಅವು ಇಡೀ ಜಗತ್ತಿಗೆ ಬೆಲೆ ಇಳಿಸಿದವು. ಜರ್ಮನರು ಕಟ್ಟಿದ ಬಿಲ್ಲಿನ ಲಾಭ ಬಿಸಿಲಿರುವ ಬೇರೆ ದೇಶಗಳಿಗೆ ಹೋಯಿತು. ಇಂಥ ಔದಾರ್ಯಕ್ಕೆ ಯಾರೂ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ.

ನಿಜವಾಗಿ ಕೆಟ್ಟ ಉದಾಹರಣೆ ಬೇಕೆಂದರೆ ಸ್ಪೇನ್ ನೋಡಿ. 2007ರಲ್ಲಿ ಧಾರಾಳ ದರ ಕೊಟ್ಟರು, ಎಷ್ಟು ಜನ ಬರಬಹುದು ಅನ್ನುವುದಕ್ಕೆ ಗಟ್ಟಿ ಮಿತಿ ಇರಲಿಲ್ಲ. 2008 ಒಂದೇ ವರ್ಷದಲ್ಲಿ 2,500 ಮೆಗಾವಾಟ್‌ಗೂ ಜಾಸ್ತಿ ಬಂದು ಬಿತ್ತು. ಆಮೇಲೆ ಗಾಬರಿಯಾಗಿ, ಆಗಲೇ ಕಟ್ಟಿದವರ ದರವನ್ನೂ ಕತ್ತರಿಸಿದರು. ಹೂಡಿಕೆದಾರರು ಅಂತಾರಾಷ್ಟ್ರೀಯ ಪಂಚಾಯ್ತಿಗೆ ಹೋದರು. ಆ ಜಗಳ ವರ್ಷಗಟ್ಟಲೆ ನಡೆದಿದೆ.

ಅಣು ಸ್ಥಾವರ ಕಟ್ಟೋದು ಯಾಕೆ ಅಷ್ಟು ತಡ, ಯಾಕೆ ಅಷ್ಟು ದುಬಾರಿ?

ಮೊದಲು ಉದಾಹರಣೆಗಳು. ಫ್ರಾನ್ಸಿನ ಫ್ಲಾಮನ್‌ವಿಲ್ 3 ಕೆಲಸ 2007ರಲ್ಲಿ ಶುರುವಾಯಿತು, 2012ಕ್ಕೆ ಮುಗಿಯಬೇಕಿತ್ತು, ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. 3.3 ಬಿಲಿಯನ್ ಯೂರೋ ಅಂದಾಜು 13 ಬಿಲಿಯನ್ ದಾಟಿತು. ಫಿನ್‌ಲ್ಯಾಂಡಿನ ಓಲ್ಕಿಲುಓಟೊ 3 ಕೂಡ ಅದೇ ಮಾದರಿಯದ್ದು. 2005ರಲ್ಲಿ ಶುರು, 2009ಕ್ಕೆ ಮುಗಿಯಬೇಕಿತ್ತು, ಪೂರ್ತಿ ಕೆಲಸಕ್ಕೆ ಬಂದದ್ದು 2023ರಲ್ಲಿ. ವೋಗ್ಟಲ್‌ನ ಎರಡು ರಿಯಾಕ್ಟರ್‌ಗಳು ಸುಮಾರು 14 ಬಿಲಿಯನ್ ಡಾಲರ್ ಅಂದುಕೊಂಡು ಹೊರಟು 30 ಬಿಲಿಯನ್ ಮೀರಿದವು.

ಕಾರಣವನ್ನು ಸುಮ್ನೆ "ನಿಯಮ ಜಾಸ್ತಿ" ಅಂದುಬಿಟ್ಟರೆ ಅರ್ಧ ಮಾತ್ರ ಹೇಳಿದಂತೆ. ನಿಯಮ ಬಿಗಿಯಾದದ್ದು ನಿಜ. 1979ರಲ್ಲಿ ತ್ರೀ ಮೈಲ್ ಐಲೆಂಡ್, 1986ರಲ್ಲಿ ಚೆರ್ನೋಬಿಲ್ ಅಣು ಅಪಘಾತಗಳು ಆದಮೇಲೆ ಬಿಗಿಯಾಗದೆ ಇರುತ್ತದೆಯೇ? ಆದರೆ ಮೇಲಿನ ಮೂರೂ ಕಡೆ ಇನ್ನೊಂದು ವಿಷಯ ಎದ್ದು ಕಾಣುತ್ತದೆ. ನಕ್ಷೆ ಪೂರ್ತಿ ಆಗುವ ಮೊದಲೇ ಕಾಂಕ್ರೀಟ್ ಹಾಕಲು ಶುರು ಮಾಡಿದರು. ಆ ದೇಶಗಳಲ್ಲಿ ವರ್ಷಗಟ್ಟಲೆ ಯಾರೂ ರಿಯಾಕ್ಟರ್ ಕಟ್ಟಿರಲಿಲ್ಲ, ಹಾಗಾಗಿ ಪಳಗಿದ ವೆಲ್ಡರ್, ಮೇಸ್ತ್ರಿ, ಎಂಜಿನಿಯರ್ ಯಾರೂ ಉಳಿದಿರಲಿಲ್ಲ. ಫ್ಲಾಮನ್‌ವಿಲ್‌ನಲ್ಲಿ ಹಬೆ ಕೊಳವೆಗಳ ವೆಲ್ಡಿಂಗ್ ಸರಿಯಿಲ್ಲ ಅಂತ ಮತ್ತೆ ಮಾಡಿಸಿದ್ದೇ ವರ್ಷಗಳನ್ನು ತಿಂದಿತು.

ಇದೇ ಫ್ರಾನ್ಸ್ 1974ರ ಮೆಸ್ಮೆರ್ ಯೋಜನೆಯಲ್ಲಿ ಒಂದೇ ಬಗೆಯ ರಿಯಾಕ್ಟರ್‌ಗಳನ್ನು ಸಾಲಾಗಿ ಕಟ್ಟಿತ್ತು. ಇವತ್ತಿಗೂ ಅಲ್ಲಿ ಹೆಚ್ಚುಕಡಿಮೆ 70% ವಿದ್ಯುತ್ ಅಣುವಿನದು. ಈಚಿನ ಉದಾಹರಣೆ ಅಂದರೆ ಯುಎಇಯ ಬರಾಕಾ. ತಲಾ 1400 ಮೆಗಾವಾಟ್‌ನ ನಾಲ್ಕು ರಿಯಾಕ್ಟರ್‌ಗಳನ್ನು ಕೊರಿಯಾದವರು ಕಟ್ಟಿದರು. 2012ರಲ್ಲಿ ಶುರು, 2024ರಲ್ಲಿ ನಾಲ್ಕನೆಯದೂ ಚಾಲೂ. ಅಲ್ಲೂ ತಡ ಆಯಿತು, ಆದರೆ ಮೊದಲನೆಯದರಲ್ಲಿ ಕಲಿತದ್ದನ್ನು ಅದೇ ಜನ ಎರಡನೆಯದರಲ್ಲಿ ಬಳಸಿದರು. ಒಂದೇ ಒಂದು ರಿಯಾಕ್ಟರ್ ಕಟ್ಟಿ ನಿಲ್ಲಿಸುವವರಿಗೆ ಅದು ಯಾವತ್ತೂ ದುಬಾರಿಯೇ.

ಬಡ್ಡಿ ಅಷ್ಟೊಂದು ಮುಖ್ಯಾನಾ?

ಬಹಳ ಮುಖ್ಯ. ಈ ಇಡೀ ಚರ್ಚೆಯಲ್ಲಿ ಜನ ಅತಿ ಕಡಿಮೆ ಮಾತಾಡುವ, ಅತಿ ಹೆಚ್ಚು ಮಾತಾಡಬೇಕಾದ ವಿಷಯ ಇದೇ.

ಒಂದು ಲೆಕ್ಕ ಮಾಡೋಣ. ಸ್ಥಾವರ ಕಟ್ಟಲು 100 ರೂಪಾಯಿ ಬೇಕು, ಹತ್ತು ವರ್ಷ ಹಿಡಿಯುತ್ತದೆ, ಪ್ರತಿ ವರ್ಷದ ಕೊನೆಗೆ 10 ರೂಪಾಯಿ ಸಾಲ ಎತ್ತುತ್ತೀರಿ. ಬಡ್ಡಿ 3% ಇದ್ದರೆ, ವಿದ್ಯುತ್ ಶುರುವಾಗುವ ದಿನ ನಿಮ್ಮ ತಲೆ ಮೇಲಿನ ಸಾಲ ಸುಮಾರು 115. ಬಡ್ಡಿ 10% ಇದ್ದರೆ ಸುಮಾರು 159. ಆ ಸಾಲವನ್ನು 30 ವರ್ಷದಲ್ಲಿ ಸಮ ಕಂತಿನಲ್ಲಿ ತೀರಿಸಬೇಕೆಂದರೆ, 3%ಕ್ಕೆ ವರ್ಷಕ್ಕೆ 6 ರೂಪಾಯಿಗಿಂತ ಕಡಿಮೆ, 10%ಕ್ಕೆ ಸುಮಾರು 17. ಅದೇ ಕಾಂಕ್ರೀಟ್, ಅದೇ ಉಕ್ಕು, ಅದೇ ಇಂಧನ. ಕಂತು ಮಾತ್ರ ಹೆಚ್ಚುಕಡಿಮೆ ಮೂರು ಪಟ್ಟು.

ಸೋಲಾರ್‌ನಲ್ಲೂ ಖರ್ಚೆಲ್ಲ ಮೊದಲೇ ಆಗುತ್ತದೆ, ಬಡ್ಡಿ ಅದನ್ನೂ ಕಾಡುತ್ತದೆ. ಆದರೆ ವರ್ಷದೊಳಗೆ ಕಟ್ಟಿ ಮುಗಿಯುತ್ತದೆ. 100 ರೂಪಾಯಿ ಸಾಲ, 25 ವರ್ಷದ ಕಂತು ಅಂದರೆ 3%ಕ್ಕೆ ವರ್ಷಕ್ಕೆ 5.7, 10%ಕ್ಕೆ 11. ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ.

ಅಣು ಸ್ಥಾವರಕ್ಕೆ ಸರ್ಕಾರ ಸಾಲದ ಖಾತರಿ ಕೊಡುವುದರ ಬೆಲೆ ಎಷ್ಟು ಅಂತ ಈಗ ಗೊತ್ತಾಯಿತಲ್ಲ. ಖಜಾನೆಯಿಂದ ಒಂದು ಪೈಸೆ ಹೊರಗೆ ಹೋಗದೆಯೂ ದರ ಅರ್ಧಕ್ಕೆ ಇಳಿಯಬಹುದು. ಕೆಲಸ ಕೆಟ್ಟರೆ ಮಾತ್ರ ತೆರಿಗೆದಾರನ ಜೇಬಿಗೆ ಕೈ ಬೀಳುತ್ತದೆ.

ಯಾರಿಗೂ ಸಬ್ಸಿಡಿ ಬೇಡ, ಮಾರುಕಟ್ಟೆನೇ ತೀರ್ಮಾನ ಮಾಡ್ಲಿ ಅಂದ್ರೆ?

ಮೂರನೆಯವನನ್ನು ಮರೆತಿದ್ದೀರಿ. ಕಲ್ಲಿದ್ದಲು, ತೈಲ, ಗ್ಯಾಸ್ ಅಗ್ಗವಾಗಿ ಸಿಗಲೆಂದು ಸರ್ಕಾರಗಳು 2022ರಲ್ಲಿ ಕೊಟ್ಟ ಸಬ್ಸಿಡಿ ಒಂದು ಟ್ರಿಲಿಯನ್ ಡಾಲರ್ ದಾಟಿತ್ತು ಅನ್ನುತ್ತದೆ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ. ಹೊಗೆ ಬಿಡುವುದಕ್ಕೆ ಹೆಚ್ಚಿನ ಕಡೆ ದುಡ್ಡು ಕಟ್ಟುವಂತೆಯೂ ಇಲ್ಲ. ಅದನ್ನು ಸರಿ ಮಾಡಿ, ಕಾರ್ಬನ್‌ಗೆ ಬೆಲೆ ಕಟ್ಟಿ, ಆಮೇಲೆ ಮಾರುಕಟ್ಟೆಗೆ ಬಿಡಿ. ಆಗ ನನ್ನ ತಕರಾರಿಲ್ಲ.

## ಹಗಲು, ರಾತ್ರಿ, ಗ್ರಿಡ್

ರಾತ್ರಿ ಸೂರ್ಯ ಇರಲ್ಲ. ಆಗ ಏನ್ ಮಾಡ್ತೀರಿ?

ಇದು ಹಳೆಯ ಪ್ರಶ್ನೆ, ಆದರೆ ಉತ್ತರ ಬದಲಾಗಿದೆ. ಲಿಥಿಯಂ ಬ್ಯಾಟರಿ ಪ್ಯಾಕ್ ಬೆಲೆ 2010ರಿಂದ ಈಚೆಗೆ ಸುಮಾರು 90% ಇಳಿದಿದೆ. ಮಧ್ಯಾಹ್ನದ ಬಿಸಿಲನ್ನು ಹಿಡಿದಿಟ್ಟು ಸಂಜೆ ನಾಲ್ಕು ಗಂಟೆ ಕಾಲ ಕೊಡುವುದು ಈಗ ಮಾಮೂಲಿ ವ್ಯಾಪಾರ. ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಹೊತ್ತು ಬ್ಯಾಟರಿಗಳು ದೊಡ್ಡ ಪಾಲು ಹೊರುತ್ತಿವೆ. ನೀರನ್ನು ಮೇಲಕ್ಕೆ ಪಂಪ್ ಮಾಡಿ ಬೇಕಾದಾಗ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್ ಅದಕ್ಕಿಂತ ಹಳೆಯದು, ಜಾಸ್ತಿ ಹೊತ್ತು ನಡೆಯುತ್ತದೆ.

ಒಂದು ರಾತ್ರಿ ದಾಟುವುದು ಅಷ್ಟು ಕಷ್ಟ ಅಲ್ಲ. ಎರಡು ಮೂರು ವಾರ ಮೋಡ ಕವಿದರೆ, ಅಥವಾ ಉತ್ತರದ ದೇಶಗಳಲ್ಲಿ ಇಡೀ ಚಳಿಗಾಲ ಬಿಸಿಲೇ ಇಲ್ಲದಿದ್ದರೆ ಅಲ್ಲಿ ಬ್ಯಾಟರಿ ಸೋಲುತ್ತದೆ. ವರ್ಷಕ್ಕೆ ನೂರಾರು ಸಲ ತುಂಬಿ ಖಾಲಿಯಾಗುವ ಬ್ಯಾಟರಿ ತನ್ನ ದುಡ್ಡು ದುಡಿಯುತ್ತದೆ. ವರ್ಷಕ್ಕೆ ಒಂದೆರಡು ಸಲ ಬಳಸುವುದು ದುಡಿಯುವುದಿಲ್ಲ. ಸಮಭಾಜಕಕ್ಕೆ ಹತ್ತಿರ ಇರುವ ದೇಶಕ್ಕೂ ಉತ್ತರ ಯುರೋಪಿಗೂ ಉತ್ತರ ಒಂದೇ ಆಗದಿರುವುದು ಇದರಿಂದಲೇ.

ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುತ್ತೆ ಅಂತಾರೆ. ಹಾಗೂ ಆಗುತ್ತಾ?

ಆಗುತ್ತದೆ. ಬಿಸಿಲು ಜೋರಾಗಿದ್ದು ಬಳಕೆ ಕಡಿಮೆ ಇರುವ ರಜಾ ದಿನದ ಮಧ್ಯಾಹ್ನ ಜರ್ಮನಿಯ ಸಗಟು ಮಾರುಕಟ್ಟೆಯಲ್ಲಿ ಇದು ಆಗಾಗ ಕಾಣುತ್ತದೆ. ಅಂದರೆ ವಿದ್ಯುತ್ ತೆಗೆದುಕೊಳ್ಳುವವರಿಗೇ ದುಡ್ಡು ಕೊಡಬೇಕು.

ಇಲ್ಲಿ ತಪ್ಪು ಬಿಸಿಲಿನದ್ದಲ್ಲ, ಸಬ್ಸಿಡಿ ರೂಪಿಸಿದ ರೀತಿಯದು. ಮಾರುಕಟ್ಟೆಯಲ್ಲಿ ಏನೇ ಆಗಲಿ ಯೂನಿಟ್‌ಗೆ ಇಷ್ಟು ದರ ಅಂತ ಬರೆದುಕೊಟ್ಟರೆ, ಬೇಡದ ಹೊತ್ತಿನಲ್ಲೂ ಯಾರು ತಾನೇ ನಿಲ್ಲಿಸುತ್ತಾರೆ? ಬೆಲೆ ಸೊನ್ನೆಗಿಂತ ಕೆಳಗಿಳಿದ ಹೊತ್ತಿಗೆ ಸಬ್ಸಿಡಿ ಇಲ್ಲ ಅನ್ನುವ ಷರತ್ತನ್ನು ಈಗ ಹಲವು ಕಡೆ ಹಾಕುತ್ತಿದ್ದಾರೆ. ಮೊದಲೇ ಹಾಕಬೇಕಿತ್ತು.

ಇದರೊಳಗೆ ಇನ್ನೊಂದು ಸಮಸ್ಯೆ ಇದೆ. ಎಲ್ಲಾ ಪ್ಯಾನೆಲ್‌ಗಳೂ ಒಂದೇ ಹೊತ್ತಿಗೆ ಉತ್ಪಾದಿಸುತ್ತವೆ. ಹಾಗಾಗಿ ಸೋಲಾರ್ ಜಾಸ್ತಿ ಆದಷ್ಟೂ ಸೋಲಾರ್ ಯೂನಿಟ್‌ನ ಮಾರಾಟ ಬೆಲೆ ಬೀಳುತ್ತಾ ಹೋಗುತ್ತದೆ. ತಯಾರಿಸುವ ವೆಚ್ಚ ಇಳಿಯುವುದೂ ಮಾರಾಟದ ಬೆಲೆ ಇಳಿಯುವುದೂ ಓಟಕ್ಕೆ ಬಿದ್ದಿವೆ.

ಅಣು ಅಂದ್ರೆ 24 ಗಂಟೆ ಗ್ಯಾರಂಟಿ ತಾನೇ?

ಹೆಚ್ಚಿನಂಶ ಹೌದು. ಇಂಧನ ಬದಲಿಸಲು ಒಂದರಿಂದ ಎರಡು ವರ್ಷಕ್ಕೊಮ್ಮೆ ಕೆಲವು ವಾರ ನಿಲ್ಲಿಸುತ್ತಾರೆ, ಅದು ಮೊದಲೇ ಗೊತ್ತಿರುವ ನಿಲುಗಡೆ. ಆದರೆ ಒಂದೇ ಮಾದರಿಯ ರಿಯಾಕ್ಟರ್‌ಗಳಿದ್ದರೆ ಒಂದೇ ರೋಗ ಎಲ್ಲಕ್ಕೂ ಬರಬಹುದು. 2022ರಲ್ಲಿ ಫ್ರಾನ್ಸಿನಲ್ಲಿ ಹಾಗೇ ಆಯಿತು. ಕೊಳವೆಗಳಲ್ಲಿ ತುಕ್ಕಿನ ಬಿರುಕು ಕಂಡು ಹಲವು ರಿಯಾಕ್ಟರ್‌ಗಳನ್ನು ಒಟ್ಟಿಗೆ ನಿಲ್ಲಿಸಿದರು. ಬೇಸಿಗೆಯಲ್ಲಿ ನದಿ ನೀರು ಬಿಸಿಯಾಗಿ ಕೆಲವು ಕಡೆ ಉತ್ಪಾದನೆ ತಗ್ಗಿಸಬೇಕಾಯಿತು. ಆ ವರ್ಷದ ಉತ್ಪಾದನೆ 279 ಟೆರಾವಾಟ್ ಗಂಟೆಗೆ (ಒಂದು ಟೆರಾವಾಟ್ ಗಂಟೆ ಅಂದರೆ 100 ಕೋಟಿ ಯೂನಿಟ್) ಇಳಿಯಿತು, ಮೂರು ದಶಕಗಳಲ್ಲೇ ಕಡಿಮೆ.

ಮನೆ ಮೇಲಿನ ಸೋಲಾರ್ ಸಬ್ಸಿಡಿ ಅಂದ್ರೆ ಬಡವರ ದುಡ್ಡು ಉಳ್ಳವರಿಗೆ ಅಲ್ವಾ?

ನೆಟ್ ಮೀಟರಿಂಗ್ ಮಟ್ಟಿಗೆ ಈ ದೂರು ಬಹುಪಾಲು ಸರಿ. ನಿಮ್ಮ ಬಿಲ್ಲಿನಲ್ಲಿ ವಿದ್ಯುತ್ತಿನ ಬೆಲೆ ಒಂದೇ ಇರುವುದಿಲ್ಲ. ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್‌ಗಳ ಸಂಬಳ ಎಲ್ಲವೂ ಇರುತ್ತವೆ. ಸೋಲಾರ್ ಮನೆಯವರ ಬಿಲ್ ಸೊನ್ನೆ ಆದಾಗ ಆ ಖರ್ಚು ಮಾಯ ಆಗುವುದಿಲ್ಲ, ಸ್ವಂತ ಚಾವಣಿ ಇಲ್ಲದ ಬಾಡಿಗೆದಾರರ ಮೇಲೆ ಬೀಳುತ್ತದೆ. ಆದರೂ ರಾತ್ರಿಯಾದರೆ ಸೋಲಾರ್ ಮನೆಗೂ ಅದೇ ತಂತಿ ಬೇಕು.

ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಿಂದ ಹೊಸಬರು ಗ್ರಿಡ್‌ಗೆ ಬಿಟ್ಟ ಯೂನಿಟ್‌ಗೆ ಕೊಡುವ ದರವನ್ನು ಸುಮಾರು 75% ಇಳಿಸಿತು. ಹಾಕಿಸುವವರ ಸಂಖ್ಯೆ ಕುಸಿಯಿತು, ಆದರೆ ಹಾಕಿಸಿದವರು ಹೆಚ್ಚಾಗಿ ಬ್ಯಾಟರಿ ಸಮೇತ ಹಾಕಿಸಿದರು. ಗ್ರಿಡ್‌ಗೆ ಬೇಕಿದ್ದುದೂ ಅದೇ. ಇಳಿಸಿದ್ದು ಸರಿ, ಒಂದೇ ಏಟಿಗೆ ಇಳಿಸಿದ್ದು ಒರಟಾಯಿತು ಅಂತ ನನಗನ್ನಿಸುತ್ತದೆ.

## ಭಯ, ಕಸ, ಜಾಗ

ಚೆರ್ನೋಬಿಲ್, ಫುಕುಶಿಮಾ ಆದ್ಮೇಲೂ ಅಣು ಬೇಕು ಅಂತೀರಾ?

ಸಾವಿನ ಲೆಕ್ಕದಲ್ಲಿ ಅಣುವೂ ಸೋಲಾರೂ ಒಂದೇ ಸಾಲಿನಲ್ಲಿವೆ. ಅಪಘಾತ, ಹೊಗೆ ಎಲ್ಲ ಸೇರಿಸಿ ಪ್ರತಿ ಟೆರಾವಾಟ್ ಗಂಟೆಗೆ ಕಲ್ಲಿದ್ದಲಿನಿಂದ ಸುಮಾರು 25 ಸಾವು ಅಂದಾಜಿದೆ. ಅಣು, ಸೋಲಾರ್ ಎರಡೂ 0.1ಕ್ಕಿಂತ ಕೆಳಗೆ, ಚೆರ್ನೋಬಿಲ್ ಮತ್ತು ಫುಕುಶಿಮಾ ಸೇರಿಸಿಯೂ. 2011ರ ಫುಕುಶಿಮಾದಲ್ಲಿ ವಿಕಿರಣಕ್ಕಿಂತ ಹೆಚ್ಚು ಜನ ಸತ್ತದ್ದು ಗಡಿಬಿಡಿಯ ಸ್ಥಳಾಂತರ ಮತ್ತು ಅದರ ನಂತರದ ಪಾಡಿನಿಂದ. ಅವರಲ್ಲಿ ಬಹುತೇಕರು ವಯಸ್ಸಾದವರು.

ಭಯಕ್ಕಿಂತ ದೊಡ್ಡ ಪ್ರಶ್ನೆ ಖರ್ಚಿನದು. ಫುಕುಶಿಮಾದ ಪರಿಹಾರ, ಸ್ವಚ್ಛತೆ, ಸ್ಥಾವರ ಬಿಚ್ಚುವ ಕೆಲಸ ಸೇರಿ 21.5 ಟ್ರಿಲಿಯನ್ ಯೆನ್ ಆಗುತ್ತದೆ ಅಂತ ಜಪಾನ್ ಸರ್ಕಾರ 2016ರಲ್ಲಿ ಅಂದಾಜು ಮಾಡಿತು. ಯಾವ ಖಾಸಗಿ ವಿಮೆಯೂ ಇದನ್ನು ಹೊರುವುದಿಲ್ಲ. ಅಪರೂಪಕ್ಕೆ ಬರುವ, ಬಂದರೆ ಭಾರಿಯಾದ ನಷ್ಟವನ್ನು ಸರ್ಕಾರವೇ ಹೊರಬೇಕು. ಅದನ್ನು ಒಪ್ಪಿಕೊಂಡು ಲೆಕ್ಕಕ್ಕೆ ಸೇರಿಸಿದರೆ ಸಾಕು, ಮುಚ್ಚಿಡಬೇಕಿಲ್ಲ.

ಅಣು ಕಸ ಸಾವಿರಾರು ವರ್ಷ ಇರುತ್ತೆ. ಪ್ಯಾನೆಲ್ ಕಸ ಏನಾಗುತ್ತೆ?

1000 ಮೆಗಾವಾಟ್ ರಿಯಾಕ್ಟರ್ ವರ್ಷಕ್ಕೆ 20ರಿಂದ 30 ಟನ್ ಬಳಸಿದ ಇಂಧನ ಹೊರಹಾಕುತ್ತದೆ. ಗಾತ್ರದಲ್ಲಿ ಚಿಕ್ಕದು, ಆದರೆ ಬಹಳ ಬಿಸಿ, ಬಹಳ ಅಪಾಯ. ಎಂಜಿನಿಯರಿಂಗ್ ದಾರಿ ಇದೆ. ಫಿನ್‌ಲ್ಯಾಂಡ್ 400 ಮೀಟರಿಗೂ ಆಳದ ಬಂಡೆಯೊಳಗೆ ಓಂಕಾಲೊ ಅನ್ನುವ ಶಾಶ್ವತ ಉಗ್ರಾಣ ಕಟ್ಟಿದೆ. ಅಮೆರಿಕ 1987ರಲ್ಲಿ ಯಕ್ಕಾ ಬೆಟ್ಟವನ್ನು ಆರಿಸಿ, ರಾಜಕೀಯದಲ್ಲಿ ಸಿಕ್ಕಿಹಾಕಿಕೊಂಡು, 2010ರ ಹೊತ್ತಿಗೆ ಕೈಬಿಟ್ಟಿತು. ಕೊಟ್ಟ ಮಾತಿನಂತೆ 1998ರಿಂದ ಇಂಧನ ತೆಗೆದುಕೊಳ್ಳದ ತಪ್ಪಿಗೆ ಅಲ್ಲಿನ ಸರ್ಕಾರ ಕಂಪನಿಗಳಿಗೆ ಈಗಾಗಲೇ 10 ಬಿಲಿಯನ್ ಡಾಲರ್‌ಗೂ ಜಾಸ್ತಿ ಪರಿಹಾರ ಕೊಟ್ಟಿದೆ. ಇದೂ ಸಬ್ಸಿಡಿಯೇ, ಯಾರೂ ಹಾಗೆ ಕರೆಯುವುದಿಲ್ಲ.

ಪ್ಯಾನೆಲ್ ಕಸ ತದ್ವಿರುದ್ಧ: ಅಪಾಯ ಕಡಿಮೆ, ರಾಶಿ ದೊಡ್ಡದು. 2050ರ ಹೊತ್ತಿಗೆ ಒಟ್ಟು 7.8 ಕೋಟಿ ಟನ್ ಆಗಬಹುದು ಅಂತ ಅಂತಾರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2016ರಲ್ಲಿ ಅಂದಾಜು ಮಾಡಿತ್ತು. ಗಾಜು, ಅಲ್ಯೂಮಿನಿಯಂ ಸುಲಭವಾಗಿ ವಾಪಸ್ ಬರುತ್ತವೆ, ಉಳಿದದ್ದಕ್ಕೆ ಖರ್ಚು ಬರುತ್ತದೆ. ಯುರೋಪಿನಲ್ಲಿ ತಯಾರಕರೇ ಹೊಣೆ ಹೊರಬೇಕು. ಬೇರೆ ಬಹಳಷ್ಟು ಕಡೆ ಹೊಣೆ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ.

ಸೋಲಾರ್‌ಗೆ ಜಾಗ ಎಲ್ಲಿಂದ ತರ್ತೀರಿ?

ನೆಲದ ಮೇಲೆ ಮೆಗಾವಾಟ್‌ಗೆ ಸುಮಾರು 5 ಎಕರೆ ಹಿಡಿಯಿರಿ. ಒಂದು 1000 ಮೆಗಾವಾಟ್ ಅಣು ಸ್ಥಾವರಕ್ಕೆ ಸಾಟಿಯಾಗಲು ನಾಲ್ಕೂವರೆ ಪಟ್ಟು ಸೋಲಾರ್ ಬೇಕು ಅಂದೆನಲ್ಲ, ಆ 4,500 ಮೆಗಾವಾಟ್‌ಗೆ 22,500 ಎಕರೆ ಬೇಕು. ಅಷ್ಟೇ ಯೂನಿಟ್ ಕೊಡುವ ಅಣು ಸ್ಥಾವರಕ್ಕೆ ಅದರ ಸಣ್ಣ ಪಾಲು ಸಾಕು. ಜನ ಒತ್ತಾಗಿರುವ ದೇಶಗಳಲ್ಲಿ ಇದು ಅಣುವಿನ ಪರವಾದ ಗಟ್ಟಿ ಅಂಶ. ಚಾವಣಿ, ಜಲಾಶಯದ ಮೇಲ್ಮೈ, ಬೆಳೆಯ ಮೇಲೆ ಎತ್ತರದಲ್ಲಿ ಹಾಕುವ ಪ್ಯಾನೆಲ್, ಇವೆಲ್ಲ ಇವೆ. ಆದರೆ ನೆಲಕ್ಕಿಂತ ಖರ್ಚು ಜಾಸ್ತಿ.

## ಇನ್ನೂ ಸ್ವಲ್ಪ ಆಳಕ್ಕೆ

ಯೂನಿಟ್ ವೆಚ್ಚದ ಪಟ್ಟಿಯಲ್ಲಿ ಸೋಲಾರ್ ತುಂಬಾ ಕೆಳಗಿದೆ. ಅಲ್ಲಿಗೆ ವಾದ ಮುಗೀತಲ್ಲ?

ಮುಗಿಯಲಿಲ್ಲ. ಆ ಪಟ್ಟಿಗಳು ಜೀವಮಾನದ ಖರ್ಚನ್ನು ಜೀವಮಾನದ ಯೂನಿಟ್‌ಗಳಿಂದ ಭಾಗಿಸುತ್ತವೆ. ಯೂನಿಟ್ ಯಾವಾಗ ಬಂತು ಅಂತ ಕೇಳುವುದಿಲ್ಲ. ಮಧ್ಯಾಹ್ನ 12ರ ಯೂನಿಟ್ಟೂ ಸಂಜೆ 7ರ ಯೂನಿಟ್ಟೂ ಅದರ ಕಣ್ಣಿಗೆ ಒಂದೇ. ಬ್ಯಾಟರಿ, ತಂತಿ, ಮೋಡದ ವಾರಕ್ಕೆಂದು ಕಾಯುವ ಗ್ಯಾಸ್ ಸ್ಥಾವರ, ಯಾವುದೂ ಆ ಲೆಕ್ಕದಲ್ಲಿಲ್ಲ.

ಗ್ರಿಡ್‌ನಲ್ಲಿ ಸೋಲಾರ್ ಪಾಲು ಕಡಿಮೆ ಇರುವಾಗ ಈ ಖರ್ಚು ಚಿಕ್ಕದು, ಪಟ್ಟಿಯನ್ನು ನಂಬಬಹುದು. ಪಾಲು ಏರಿದಂತೆ ಅದೂ ಏರುತ್ತದೆ. ಗ್ರಿಡ್‌ನ ಹೊಗೆಯನ್ನು ಪೂರ್ತಿ ನಿಲ್ಲಿಸಲು ಹೊರಟಾಗ ಕೊನೆಯ 10-20% ಅತಿ ದುಬಾರಿ. ಬೇಕಾದಾಗ ಸಿಗುವ, ಹೊಗೆ ಇಲ್ಲದ ಮೂಲ ಸ್ವಲ್ಪ ಇದ್ದರೂ ಅಲ್ಲಿ ಬಹಳ ಉಳಿತಾಯ. ಅದು ಅಣು ಆಗಬಹುದು, ಜಲವಿದ್ಯುತ್ ಆಗಬಹುದು, ಭೂಶಾಖ ಆಗಬಹುದು.

ಅಣು ಸ್ಥಾವರವನ್ನ ಸೋಲಾರ್ ಜೊತೆ ಏರಿಸಿ ಇಳಿಸಬಹುದಲ್ಲ?

ತಾಂತ್ರಿಕವಾಗಿ ಆಗುತ್ತದೆ, ಫ್ರಾನ್ಸಿನಲ್ಲಿ ದಿನನಿತ್ಯ ಮಾಡುತ್ತಾರೆ. ಆದರೆ ಖರ್ಚೆಲ್ಲ ಮೊದಲೇ ಆಗಿರುವ, ಇಂಧನ ಅಗ್ಗವಿರುವ ಯಂತ್ರವನ್ನು ಅರ್ಧ ನಡೆಸಿದರೆ ಯೂನಿಟ್ ದರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸೋಲಾರ್ ಹೆಚ್ಚಿರುವ ಗ್ರಿಡ್‌ನಲ್ಲಿ ಹೊಸ ಅಣುವಿಗೆ ಇದೇ ದೊಡ್ಡ ಪೆಟ್ಟು.

ಚಿಕ್ಕ ರಿಯಾಕ್ಟರ್ ಬರುತ್ತಂತಲ್ಲ, ಫ್ಯಾಕ್ಟರಿಯಲ್ಲೇ ತಯಾರಾಗುತ್ತಂತೆ?

ಆಸೆ ಒಳ್ಳೆಯದೇ: ಪ್ಯಾನೆಲ್‌ನಂತೆ ರಿಯಾಕ್ಟರನ್ನೂ ಸಾಲಾಗಿ ತಯಾರಿಸಿ ಬೆಲೆ ಇಳಿಸುವುದು. ಆದರೆ ಅದಕ್ಕೆ ನೂರಾರು ಆರ್ಡರ್ ಬೇಕು, ಮೊದಲ ಕೆಲವನ್ನು ದುಬಾರಿಗೆ ಕೊಳ್ಳುವವರು ಬೇಕು. ಅಮೆರಿಕದ ನ್ಯೂಸ್ಕೇಲ್ ಯೋಜನೆಯಲ್ಲಿ ಮೆಗಾವಾಟ್ ಗಂಟೆಗೆ 58 ಡಾಲರ್ ಅಂದದ್ದು 89ಕ್ಕೆ ಏರಿತು, ಕೊಳ್ಳುತ್ತೇವೆ ಅಂದ ಊರುಗಳು ಹಿಂದೆ ಸರಿದವು, 2023ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಒಂದು ಸೋಲಿನಿಂದ ಇಡೀ ಕಲ್ಪನೆ ಸುಳ್ಳಾಗದು. ಆದರೆ ಕೈಯಲ್ಲಿಲ್ಲದ ಯಂತ್ರವನ್ನು ಎದುರಿಗಿಟ್ಟು ಇವತ್ತಿನ ಸೋಲಾರ್ ಬೇಡ ಅನ್ನುವುದು ಸರಿಯಲ್ಲ.

ಹಳೇ ಅಣು ಸ್ಥಾವರಗಳನ್ನ ಮುಚ್ಚಿ ಆ ದುಡ್ಡನ್ನ ಸೋಲಾರ್‌ಗೆ ಹಾಕಿದ್ರೆ?

ಬೇಡ. ಕಟ್ಟುವ ಸಾಲ ತೀರಿದ, ಸುರಕ್ಷತಾ ತಪಾಸಣೆಯಲ್ಲಿ ಪಾಸಾದ ರಿಯಾಕ್ಟರ್‌ನಿಂದ ಬರುವಷ್ಟು ಅಗ್ಗದ, ಹೊಗೆ ಇಲ್ಲದ, ರಾತ್ರಿಯೂ ಸಿಗುವ ವಿದ್ಯುತ್ ಹುಡುಕುವುದು ಕಷ್ಟ. ಜರ್ಮನಿ 2023ರ ಏಪ್ರಿಲ್ 15ರಂದು ತನ್ನ ಕೊನೆಯ ಮೂರು ರಿಯಾಕ್ಟರ್‌ಗಳನ್ನು ಮುಚ್ಚಿತು, ಕಲ್ಲಿದ್ದಲು ಸ್ಥಾವರಗಳು ಇನ್ನೂ ಉರಿಯುತ್ತಿರುವಾಗಲೇ. ಸೋಲಾರ್‌ನಲ್ಲಿ ಅಷ್ಟು ದೂರ ನೋಡಿದ ದೇಶ ಇಲ್ಲಿ ಮುಚ್ಚುವ ಸರದಿಯನ್ನು ಹಿಂದುಮುಂದು ಮಾಡಿಕೊಂಡಿತು. ಕ್ಯಾಲಿಫೋರ್ನಿಯಾ ಮುಚ್ಚಲು ಹೊರಟಿದ್ದ ಡಯಾಬ್ಲೊ ಕ್ಯಾನ್ಯನ್ ಸ್ಥಾವರವನ್ನು 2022ರಲ್ಲಿ ಮನಸ್ಸು ಬದಲಿಸಿ ಉಳಿಸಿಕೊಂಡಿತು, ಅದಕ್ಕೆ 1.4 ಬಿಲಿಯನ್ ಡಾಲರ್ ಸಾಲವನ್ನೂ ಒದಗಿಸಿತು. ಅದೇ ವರ್ಷ ಅಮೆರಿಕದ ಕೇಂದ್ರ ಸರ್ಕಾರ ನಡೆಯುತ್ತಿರುವ ಅಣು ಸ್ಥಾವರಗಳಿಗೂ ತೆರಿಗೆ ರಿಯಾಯಿತಿ ಕೊಟ್ಟಿತು.

ಹೊಸದರ ವಿಷಯ ಬೇರೆ. ಅಗ್ಗದ ಬಡ್ಡಿಗೆ ಸಾಲ ತರುವ ಶಕ್ತಿ, ಒಂದೇ ನಕ್ಷೆಯನ್ನು ನಾಲ್ಕಾರು ಸಲ ಕಟ್ಟುವ ಹಟ, ಸುರಕ್ಷತೆ ನೋಡಿಕೊಳ್ಳುವ ಗಟ್ಟಿ ನಿಯಂತ್ರಕ ಸಂಸ್ಥೆ, ಈ ಮೂರೂ ಇರುವ ದೇಶ ಕಟ್ಟಲಿ. ಒಂದು ಇಲ್ಲದಿದ್ದರೂ ನಾನು ಆ ದುಡ್ಡನ್ನು ತಂತಿ, ಬ್ಯಾಟರಿಗಳಿಗೆ ಹಾಕುತ್ತೇನೆ.

ಚೀನಾ ಎರಡನ್ನೂ ಕಟ್ತಾ ಇದೆ. ಹಾಗಾದ್ರೆ ಈ ಜಗಳನೇ ಯಾಕೆ?

ಚೀನಾಕ್ಕೆ ಆ ಮೂರೂ ಇವೆ, ಅದರ ಮೇಲೆ ವಿದ್ಯುತ್ ಬೇಡಿಕೆಯೂ ಏರುತ್ತಿದೆ. ಜಗತ್ತಿನಲ್ಲಿ ಅತಿ ಹೆಚ್ಚು ರಿಯಾಕ್ಟರ್‌ಗಳ ಕೆಲಸ ನಡೆಯುತ್ತಿರುವುದು ಅಲ್ಲೇ. ಆದರೆ ಅಲ್ಲಿಯೂ ಓಟದಲ್ಲಿ ಮುಂದಿರುವುದು ಸೋಲಾರ್. 2024 ಒಂದೇ ವರ್ಷದಲ್ಲಿ ಸುಮಾರು 277 ಗಿಗಾವಾಟ್ (ಒಂದು ಗಿಗಾವಾಟ್ ಅಂದರೆ 1000 ಮೆಗಾವಾಟ್) ಸೇರಿಸಿದರು. ಆ ವರ್ಷ ದೇಶದ ವಿದ್ಯುತ್ತಿನಲ್ಲಿ ಸೋಲಾರ್ ಪಾಲು ಸುಮಾರು 8%, ಅಣುವಿನದು 5%ಕ್ಕಿಂತ ಕಡಿಮೆ.

ಸಬ್ಸಿಡಿ ವಿಷಯದಲ್ಲೂ ಅಲ್ಲಿ ನೋಡುವಂಥದ್ದು ನಡೆಯಿತು. 2025ರ ಜೂನ್ 1ರಿಂದ ಹೊಸ ಸೋಲಾರ್‌ಗೆ ಗೊತ್ತುಪಡಿಸಿದ ದರ ಇಲ್ಲ, ಮಾರುಕಟ್ಟೆಯಲ್ಲಿ ಮಾರಿಕೊಳ್ಳಿ ಅಂದರು. ಗಡುವಿಗೆ ಮೊದಲು ಕಟ್ಟಿ ಮುಗಿಸಲು ಜನ ಮುಗಿಬಿದ್ದರು. ಮೇ ತಿಂಗಳೊಂದರಲ್ಲೇ ಸುಮಾರು 93 ಗಿಗಾವಾಟ್ ಸೇರಿತು, ಜೂನ್‌ನಲ್ಲಿ ಅದು ಸುಮಾರು 14ಕ್ಕೆ ಬಿತ್ತು.